ಚೀನಾದ ಹೊಸ ಕಾಯಿದೆ, ವಿದೇಶಿ ಕಂಪನಿಯ ಹಳೆಯ ಕರಾರು

ಚೀನಾದಲ್ಲಿ ಬಂಡವಾಳ ಹೂಡಿದ ವಿದೇಶಿ ಕಂಪನಿಗಳು ದೀರ್ಘಕಾಲ ಮೂರು ಪ್ರತ್ಯೇಕ ಕಾಯಿದೆಗಳಿಗೆ ಒಳಪಟ್ಟಿದ್ದವು. ದೇಶೀಯ ಪಾಲುದಾರರೊಡನೆ ನಡೆಸುವ ಜಂಟಿ ಉದ್ಯಮಕ್ಕೆ 1979ರ ಕಾಯಿದೆ, ಪೂರ್ಣ ವಿದೇಶಿ ಒಡೆತನದ ಉದ್ಯಮಕ್ಕೆ 1986ರದು, ಕೇವಲ ಕರಾರಿನ ಆಧಾರದ ಸಹಯೋಗಕ್ಕೆ 1988ರದು. 2020ರ ಜನವರಿ 1ರಂದು ಜಾರಿಗೆ ಬಂದ ವಿದೇಶಿ ಹೂಡಿಕೆ ಕಾಯಿದೆಯು ಈ ಮೂರನ್ನೂ ರದ್ದುಪಡಿಸಿತು. ಹಳೆಯ ಉದ್ಯಮಗಳು ತಮ್ಮ ಆಡಳಿತವನ್ನು ಸಾಮಾನ್ಯ ಕಂಪನಿ ಕಾಯಿದೆಗೆ ಹೊಂದಿಸಿಕೊಳ್ಳಲು ಐದು ವರ್ಷಗಳ ಕಾಲಾವಕಾಶ ದೊರೆಯಿತು.

ಮೇಲ್ನೋಟಕ್ಕೆ ಇದು ಕಾಗದಪತ್ರಗಳ ತಿದ್ದುಪಡಿಯೆಂದೇ ತೋರುತ್ತದೆ. ವಾಸ್ತವದಲ್ಲಿ ಅಧಿಕಾರವೇ ಕೈ ಬದಲಾಯಿಸುತ್ತಿತ್ತು.

ಹಳೆಯ ಪದ್ಧತಿಯ ಜಂಟಿ ಉದ್ಯಮದಲ್ಲಿ ನಿರ್ದೇಶಕ ಮಂಡಳಿಯೇ ಪರಮಾಧಿಕಾರಿ. ನಿಯಮಾವಳಿಯ ತಿದ್ದುಪಡಿ, ಬಂಡವಾಳದ ಏರಿಳಿತ, ವಿಲೀನ, ವಿಸರ್ಜನೆ ಇವುಗಳಿಗೆ ಸಭೆಯಲ್ಲಿ ಹಾಜರಿದ್ದ ಎಲ್ಲ ನಿರ್ದೇಶಕರ ಒಮ್ಮತ ಅಗತ್ಯವಾಗಿತ್ತು. ಶೇ. 30ರಷ್ಟು ಪಾಲು ಮಾತ್ರವುಳ್ಳ ವಿದೇಶಿ ಪಾಲುದಾರನ ಒಬ್ಬ ಪ್ರತಿನಿಧಿ ‘ಒಪ್ಪೆ’ ಎಂದರೆ ನಿರ್ಣಯ ಅಲ್ಲಿಗೇ ನಿಲ್ಲುತ್ತಿತ್ತು. ಕಂಪನಿ ಕಾಯಿದೆಯಲ್ಲಿ ಪರಮಾಧಿಕಾರವಿರುವುದು ಷೇರುದಾರರ ಸಭೆಗೆ; ಇಂತಹ ವಿಷಯಗಳಿಗೆ ಮೂರನೆಯ ಎರಡರಷ್ಟು ಮತ ಸಾಕು. ಶೇ. 70ರಷ್ಟು ಪಾಲುಳ್ಳವನು ಒಬ್ಬನೇ ನಿರ್ಧರಿಸಬಲ್ಲ.

ಅಲ್ಪ ಪಾಲುದಾರನಿಗೆ ಉಳಿದ ದಾರಿಯೆಂದರೆ ಹೊಸ ನಿಯಮಾವಳಿಯಲ್ಲಿ ಇನ್ನೂ ಹೆಚ್ಚಿನ ಮತಪ್ರಮಾಣವನ್ನು ಬರೆಯಿಸಿಕೊಳ್ಳುವುದು. ಆ ತಿದ್ದುಪಡಿಗೆ ಹಳೆಯ ನಿಯಮದಂತೆ ಇಬ್ಬರ ಒಪ್ಪಿಗೆಯೂ ಬೇಕು. ಎಂದರೆ, ಹಳೆಯ ನಿಯಮಾವಳಿ ಜೀವಂತವಿರುವವರೆಗೆ ಮಾತ್ರ ಅವನ ಮಾತಿಗೆ ತೂಕ. ಮೊದಲ ವರ್ಷದಲ್ಲೇ ಚರ್ಚೆಗೆ ಕುಳಿತವನಿಗೆ ಚೌಕಾಶಿಗೆ ಸಮಯವಿತ್ತು; ಕೊನೆಯ ತಿಂಗಳವರೆಗೆ ಕಾದವನಿಗೆ ಸಹಿ ಮಾಡುವ ಆತುರವಷ್ಟೇ. 2025ರ ಜನವರಿ 1ರ ನಂತರವೂ ಹೊಂದಿಸಿಕೊಳ್ಳದ ಉದ್ಯಮದ ಬೇರಾವ ನೋಂದಣಿ ಅರ್ಜಿಯನ್ನೂ ಕಚೇರಿ ಸ್ವೀಕರಿಸುವುದಿಲ್ಲವೆಂದು ನಿಯಮಗಳು ಹೇಳಿದ್ದವು. ಆದರೆ ಲಾಭ ಹಂಚಿಕೆ, ಷೇರು ವರ್ಗಾವಣೆ ಕುರಿತ ಹಳೆಯ ಕರಾರನ್ನು ಉದ್ಯಮದ ಅವಧಿ ಮುಗಿಯುವವರೆಗೆ ಮುಂದುವರಿಸಬಹುದಿತ್ತು. ಇದನ್ನು ಗಮನಿಸದೆ ಎಲ್ಲವನ್ನೂ ಹೊಸದಾಗಿ ಬರೆಯಹೊರಟವನು ಇಲ್ಲದ ವಿವಾದವನ್ನು ತಾನೇ ಕರೆತಂದಂತೆ.

ಇಲ್ಲಿ ಭಾಷೆಯ ಪ್ರಶ್ನೆಯೂ ಉಂಟು. ಕಾಯಿದೆಯ ಅಧಿಕೃತ ಪಾಠ ಚೀನೀ ಭಾಷೆಯದು. ಇಂಗ್ಲಿಷ್ ಅನುವಾದ ತಿಳಿವಳಿಕೆಗೆ ಮಾತ್ರ. ಕಚೇರಿಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಆಗಿರುವ ಗಡಿನಾಡಿನವರಿಗೆ ಇದರ ತೊಡಕನ್ನು ವಿವರಿಸಬೇಕಾಗಿಲ್ಲ.

ಬದಲಾವಣೆ ಯಾವಾಗಲೂ ಬಿಗಿಯ ಕಡೆಗೇ ಸಾಗುವುದಿಲ್ಲ. ಪ್ರಯಾಣಿಕರ ಕಾರು ತಯಾರಿಕೆಯಲ್ಲಿ ವಿದೇಶಿ ಪಾಲಿಗಿದ್ದ ಶೇ. 50ರ ಮಿತಿ 2022ರಲ್ಲಿ ತೆರವಾಯಿತು. ಬಿಎಂಡಬ್ಲ್ಯು ಕಂಪನಿಯು ತನ್ನ ಪಾಲನ್ನು ಶೇ. 75ಕ್ಕೆ ಏರಿಸುವ ಒಪ್ಪಂದವನ್ನು 2018ರಲ್ಲೇ ಪ್ರಕಟಿಸಿತ್ತು. ಮಿತಿ ಸರಿದ ಕೆಲವೇ ವಾರಗಳಲ್ಲಿ ಅದು ಪೂರ್ಣಗೊಂಡಿತು. ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆ 2021ರ ನವೆಂಬರ್ 1ರಂದು ಜಾರಿಗೆ ಬಂದ ದಿನವೇ ಯಾಹೂ ಚೀನಾದಲ್ಲಿನ ಸೇವೆಯನ್ನು ನಿಲ್ಲಿಸಿತು. ಮಾಹಿತಿಯನ್ನು ಹೊರದೇಶಕ್ಕೆ ಕಳುಹಿಸುವ ನಿಯಮಗಳು 2024ರ ಮಾರ್ಚ್‌ನಲ್ಲಿ ಸಡಿಲಗೊಂಡವು.

ಮುಂದಿನ ಗಡುವು ಈಗಾಗಲೇ ಗೊತ್ತಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಪರಿಷ್ಕೃತ ಕಂಪನಿ ಕಾಯಿದೆಯಂತೆ ಸೀಮಿತ ಹೊಣೆಗಾರಿಕೆಯ ಕಂಪನಿಯ ಷೇರುದಾರರು ಒಪ್ಪಿಕೊಂಡ ಬಂಡವಾಳವನ್ನು ಐದು ವರ್ಷಗಳೊಳಗೆ ಪಾವತಿಸಬೇಕು. ಅದಕ್ಕೂ ಮೊದಲು ನೋಂದಣಿಯಾದ ಕಂಪನಿಗಳು ತಮ್ಮ ದೀರ್ಘ ಪಾವತಿ ಅವಧಿಯನ್ನು 2027ರ ಜೂನ್ 30ರೊಳಗೆ ಸರಿಪಡಿಸಿಕೊಳ್ಳಬೇಕಾಗಿದೆ.