ಕೇಳುವವರು ಒಬ್ಬರಿರಬೇಕು

ಪ್ರಶ್ನೆ: ಬೆಳವಣಿಗೆಯ ನ್ಯೂನತೆಯುಳ್ಳವರ ಆರೈಕೆ ಕೇಂದ್ರಗಳಲ್ಲಿ ಸಿಬ್ಬಂದಿ ಇರುವಾಗ, ಅಲ್ಲಿನ ನಿವಾಸಿಗಳ ಪರ ಮಾತಾಡಲು ಹೊರಗಿನ ಸ್ವಯಂಸೇವಕರು ಏಕೆ ಬೇಕು?

ಉತ್ತರ: ಸಿಬ್ಬಂದಿ ಎಷ್ಟೇ ಒಳ್ಳೆಯವರಾದರೂ ಸಂಬಳ ಕೊಡುವುದು ಸಂಸ್ಥೆ. ಅದರ ತಪ್ಪನ್ನು ಎತ್ತಿ ಹೇಳುವುದು ಅವರಿಗೆ ಕಷ್ಟ. ಪಾಳಿ ಬದಲಾಗುತ್ತದೆ, ಜನರೂ ಬದಲಾಗುತ್ತಾರೆ. ಹಾಸ್ಟೆಲಿನಲ್ಲಿರುವ ಹುಡುಗನನ್ನು ನೋಡಲು ಆಗಾಗ ಬರುವ ಸೋದರಮಾವನನ್ನು ನೆನೆಯಿರಿ. ಹುಡುಗ ಸೊರಗಿದ್ದು, ಹಲ್ಲುನೋವು ನುಂಗಿಕೊಂಡಿದ್ದು ಅವನ ಕಣ್ಣಿಗೆ ಬೀಳುತ್ತದೆ. ಹೋಗಿ ವಾರ್ಡನ್‌ರನ್ನು ಕೇಳುತ್ತಾನೆ. ಸ್ವಯಂಸೇವಕರ ಕೆಲಸವೂ ಇದೇ. ಈ ಯೋಚನೆಗೆ ರೂಪ ಕೊಟ್ಟವರು ಮನಃಶಾಸ್ತ್ರಜ್ಞ ವುಲ್ಫ್ ವುಲ್ಫೆನ್ಸ್‌ಬರ್ಗರ್. 1970ರಲ್ಲಿ ಅಮೆರಿಕದ ನೆಬ್ರಾಸ್ಕಾದ ಲಿಂಕನ್ ನಗರದಲ್ಲಿ ಇಂಥ ಸ್ವಯಂಸೇವೆಯ ಮೊದಲ ಕಚೇರಿ ತೆರೆಯಿತು. ಒಬ್ಬ ನಿವಾಸಿಗೆ ಒಬ್ಬ ಸ್ವಯಂಸೇವಕ, ಸಂಬಳವಿಲ್ಲ, ನಿಷ್ಠೆ ಆ ನಿವಾಸಿಗೆ ಮಾತ್ರ: ಇದೇ ಈ ಯೋಚನೆಯ ತಿರುಳು. ಮಾತು ಬಾರದವರಿಗೂ ಇಷ್ಟಾನಿಷ್ಟಗಳಿವೆ. ಅವನ್ನು ಅರಿಯಲು ಪದವಿ ಬೇಡ, ಬಿಡುವು ಬೇಕು. ನಿಮ್ಮೂರಿನ ಕೇಂದ್ರಕ್ಕೆ ಒಮ್ಮೆ ಹೋಗಿ, ಮರುವಾರವೂ ಹೋಗಿ.