ಉದುರಿದೆಲೆಯ ಹಸುರು ದ್ವೀಪ

ನವೆಂಬರ್ ತಿಂಗಳಿನಲ್ಲಿ ಇಂಗ್ಲೆಂಡಿನ ಓಕ್ ವನವೊಂದನ್ನು ಹೊಕ್ಕವನಿಗೆ ಕಾಲಡಿಯಲ್ಲಿ ಎಲ್ಲೆಲ್ಲಿಯೂ ತರಗೆಲೆಯೇ. ಕಂದು, ಕಾವಿ, ಹಳದಿಯ ಆ ರಾಶಿಯಿಂದ ಎಲೆಗಳನ್ನು ಒಂದೊಂದಾಗಿ ಎತ್ತಿ ನೋಡುವಷ್ಟು ವ್ಯವಧಾನವುಳ್ಳವನಿಗೆ ಮಾತ್ರ, ಸರ್ವಾಂಗವೂ ಬಾಡಿದ ಒಂದೆಲೆಯಲ್ಲಿ, ನಡುನರದಿಂದ ಪಕ್ಕದ ನರವು ಕವಲೊಡೆಯುವ ಮೂಲೆಯಲ್ಲಿ, ಉಗುರಗಲದ ಹಸುರು ತೇಪೆಯೊಂದು ಕಂಡೀತು. ಮರವೇ ಕೈಬಿಟ್ಟ ಎಲೆಯಲ್ಲಿ ಹಸುರು ಉಳಿದುದೆಂತು? ಬೆಳಕಿಗೆ ಹಿಡಿದರೆ ಉತ್ತರವು ಒಳಗೇ ಮಿಸುಕುತ್ತದೆ: ಎಲೆಯ ಎರಡು ಪೊರೆಗಳ ನಡುವೆ, ಕೆಲವೇ ಮಿಲಿಮೀಟರು ಉದ್ದದ ಬಿಳಿಚು ಹುಳುವೊಂದು ನಿಶ್ಚಿಂತೆಯಿಂದ ಮೇಯುತ್ತಿರುತ್ತದೆ.

ಇದು ಎಕ್ಟೋಡೀಮಿಯಾ ಸಬ್‌ಬೈಮ್ಯಾಕ್ಯುಲೆಲ್ಲಾ ಎಂಬ ಪತಂಗದ ಮರಿ. ಹೆಸರನ್ನು ಬರೆದರೆ ಅದು ಪ್ರಾಣಿಯನ್ನು ಮೀರಿ ಉದ್ದವಾಗುತ್ತದೆಂಬುದು ನಿಜ. 1828ರಲ್ಲಿ ಇದನ್ನು ಮೊದಲು ವರ್ಣಿಸಿದ ಆಂಗ್ಲ ವಿದ್ವಾಂಸ ಹಾವರ್ತ್ ಗಾತ್ರವನ್ನು ನೋಡಿ ಗೌರವವನ್ನು ಅಳೆದವನಲ್ಲವೆಂದು ತೋರುತ್ತದೆ. ಬೆಳೆದ ಪತಂಗವು ರೆಕ್ಕೆಗಳನ್ನು ಪೂರ್ತಿ ಹರಡಿದರೂ ಐದಾರು ಮಿಲಿಮೀಟರು, ಮಡಿಸಿ ಕುಳಿತರೆ ಒಂದು ಎಳ್ಳುಕಾಳು. ಕರಿಯ ರೆಕ್ಕೆಯ ಮೇಲೆ ಮಾಸಲು ಬಿಳಿಯ ಮಚ್ಚೆಗಳು. ಕುಡಿಮೀಸೆಯ ಬುಡದ ತುಂಡು ಅಗಲವಾಗಿ ಹರಡಿ ಕಣ್ಣಿನ ಮೇಲೆ ಟೊಪ್ಪಿಗೆಯಂತೆ ಬಾಗಿರುವುದು ಈ ಕುಲಕ್ಕೆಲ್ಲ ಸಹಜವಾದ ಲಕ್ಷಣ.

ತಾಯಿಯು ಬೇಸಗೆಯಲ್ಲಿ ಓಕ್ ಎಲೆಯ ನಡುನರದ ಪಕ್ಕದಲ್ಲಿ ಮೊಟ್ಟೆಯಿಡುತ್ತದೆ. ನಿಜವಾದ ಕಾಲುಗಳೇ ಇಲ್ಲದ ಮರಿಯು ಮೊದಲು ನರವನ್ನನುಸರಿಸಿ ಕಿರಿದಾದ ಸುರಂಗವನ್ನು ಕೊರೆದು, ಬಳಿಕ ಅದನ್ನು ಕೋಣೆಯಾಗಿ ಅಗಲಿಸುತ್ತದೆ. ಆ ಕೋಣೆಯ ಕೆಳಪೊರೆಯಲ್ಲಿ ಅದು ಸೀಳೊಂದನ್ನು ಮಾಡಿಕೊಂಡು, ಹಿಕ್ಕೆಯನ್ನು ಅದರ ಮೂಲಕ ಹೊರದೂಡುತ್ತದೆ. ಇದರ ಹತ್ತಿರದ ಬಂಧುವಾದ ಎಕ್ಟೋಡೀಮಿಯಾ ಹೆರಿಂಗಿಯ ಕೋಣೆಗೆ ಈ ಸೀಳಿಲ್ಲ. ರೂಪದಲ್ಲಿ ಒಂದನ್ನೊಂದು ಬಲುಮಟ್ಟಿಗೆ ಹೋಲುವ ಈ ಎರಡನ್ನು ಬಲ್ಲವರು ಬೇರ್ಪಡಿಸುವುದು, ವಿಚಿತ್ರವೆನಿಸಿದರೂ, ಮನೆಯ ಕಸ ಹೊರಹೋಗುವ ಬಾಗಿಲನ್ನು ನೋಡಿ.

ಇನ್ನು ಹಸುರಿನ ರಹಸ್ಯ. ಶರತ್ಕಾಲ ಬಂತೆಂದರೆ ಮರವು ಎಲೆಯ ಪತ್ರಹರಿತ್ತನ್ನು ಕರಗಿಸಿ, ಅದರೊಳಗಿನ ಸಾರವನ್ನು ಕಾಂಡಕ್ಕೆ ಹಿಂದೆಗೆದುಕೊಂಡು, ಬರಿದಾದ ಎಲೆಯನ್ನು ಕಳಚಿಬಿಡುತ್ತದೆ; ಹೊಟ್ಟೆ ತುಂಬುವ ಮೊದಲೇ ಊಟದೆಲೆಯನ್ನು ಎತ್ತಿಬಿಟ್ಟಂತೆ ಇದು ಹುಳುವಿಗೆ ಬಂದೊದಗುವ ಸಂಕಟ. ಎಲೆ ಕೊರೆಯುವ ಹುಳುಗಳ ಇಂತಹ ಹಸುರು ದ್ವೀಪಗಳಲ್ಲಿ, ಮುಪ್ಪನ್ನು ತಡೆಯುವ ಸೈಟೊಕೈನಿನ್ ಎಂಬ ಸಸ್ಯಹಾರ್ಮೋನು ಸಂಚಿತವಾಗಿರುವುದನ್ನು ಜರ್ಮನಿಯ ವಿಜ್ಞಾನಿಗಳು 1969ರಲ್ಲಿ ಪ್ರಕಟಿಸಿದರು. ಕಥೆ ಅಲ್ಲಿಗೆ ನಿಲ್ಲಲಿಲ್ಲ. ಸೇಬಿನೆಲೆಯನ್ನು ಕೊರೆಯುವ ಬೇರೊಂದು ಪತಂಗದ ಮೇಲೆ ಫ್ರಾನ್ಸಿನ ಸಂಶೋಧಕರು ಪ್ರಯೋಗ ನಡೆಸಿ, ಅದರ ದೇಹದೊಳಗೆ ನೆಲಸಿರುವ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯವನ್ನು ಔಷಧದಿಂದ ಕಳೆದಾಗ ಹಸುರು ದ್ವೀಪವೇ ಮೂಡಲಿಲ್ಲವೆಂದು 2010ರಲ್ಲಿ ತಿಳಿಸಿದರು. ಎಂದರೆ ಮರವನ್ನು ವಂಚಿಸುವ ಹುಳುವಿಗೂ, ಕಣ್ಣಿಗೆ ಕಾಣದ ಬಾಡಿಗೆದಾರನೊಬ್ಬನ ನೆರವು ಬೇಕಾಯಿತು.

ಮೇವು ಮುಗಿಸಿದ ಮರಿಯು ಎಲೆಯಿಂದ ಹೊರಬಿದ್ದು, ಮಣ್ಣಿನಲ್ಲಿ ಗೂಡು ನೆಯ್ದುಕೊಂಡು ಚಳಿಗಾಲವನ್ನು ಕಳೆಯುತ್ತದೆ.

ಓಕ್ ವನ ನಮ್ಮ ಕನ್ನಡ ನಾಡಿನಲ್ಲಿಲ್ಲ. ಆದರೆ ಎಲೆಯೊಳಗಿನ ಬಾಳುವೆ ನಮಗೆ ಅಪರಿಚಿತವಲ್ಲ. ನಮ್ಮ ರೈತರು ರಂಗೋಲಿ ಹುಳುವೆಂದು ಕರೆಯುವ ಎಲೆಕೊರಕಗಳಲ್ಲಿ ಪತಂಗದ ಮರಿಗಳೂ ಉಂಟು, ನೊಣದ ಮರಿಗಳೂ ಉಂಟು. ನಿಂಬೆಯ ಎಳೆಯ ಚಿಗುರಿನ ಮೇಲೆ ಬೆಳ್ಳಿಯ ಗೆರೆಯಂತೆ ಸುತ್ತಿ ಸುಳಿಯುವ ದಾರಿ ಪತಂಗದ ಮರಿಯದೇ, ಕುಲ ಮಾತ್ರ ಬೇರೆ. ಹಿತ್ತಲಿನ ನಿಂಬೆಗಿಡವು ಮುಂದಿನ ಸಲ ಚಿಗುರಿದಾಗ, ಗೆರೆ ಬಿದ್ದ ಎಲೆಯೊಂದನ್ನು ಬಿಸಿಲಿಗೆ ಹಿಡಿದು, ಆ ಗೆರೆಯ ಕೊನೆಯನ್ನು ಓದುಗರು ನೋಡಬೇಕು. ಅಲ್ಲಿ ಎಲೆಯಂಚು ಮಡಿಸಿಕೊಂಡಿದ್ದರೆ, ಅದರೊಳಗೆ ಪತಂಗದ ಕೋಶವಿದೆ.