ಉಪ್ಪಿನಕಾಯಿ: ಜಾಡಿಯಲ್ಲಿ ಉಪ್ಪಿರಲಿ, ಎಲೆಯಲ್ಲಿ ಮಿತಿಯಿರಲಿ

ಮಾವಿನಕಾಯಿ ಸಂತೆಗೆ ಬರುವ ಹೊತ್ತಿಗೆ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಮನೆಗಳಲ್ಲಿ ಅಟ್ಟದ ಮೇಲಿನ ಜಾಡಿಗಳು ಕೆಳಗಿಳಿಯುತ್ತವೆ. ಮಾವಿನ ಕಾಲ ಮುಗಿದರೂ ಜಾಡಿಗೆ ಬಿಡುವಿಲ್ಲ. ನಿಂಬೆ, ಹೇರಳೆ, ಬಿಳಿಗಿರಿರಂಗನ ಬೆಟ್ಟದ ನೆಲ್ಲಿ, ಮಲೆ ಮಹದೇಶ್ವರ ಬೆಟ್ಟದ ಕಡೆಯ ಮಾಕಳಿ ಬೇರು, ಹಿತ್ತಲಿನ ಎಳೆ ಸೌತೆ, ಹೀಗೆ ಒಂದೊಂದು ಕಾಲಕ್ಕೆ ಒಂದೊಂದು ಜಾಡಿ ಸೇರುತ್ತದೆ. ಬಿಸಿ ಮುದ್ದೆಯಾಗಲಿ, ಮಜ್ಜಿಗೆ ಅನ್ನವಾಗಲಿ, ನಂಜಿಕೊಳ್ಳಲು ಒಂದು ಹೋಳು ಉಪ್ಪಿನಕಾಯಿ ಇಲ್ಲದಿದ್ದರೆ ಊಟ ಮುಗಿದಂತೆ ಅನ್ನಿಸುವುದಿಲ್ಲ.

ಈ ಉಪ್ಪಿನಕಾಯಿಯ ಬಗ್ಗೆ ಬರೆಯಲು ಕಾರಣ ನನ್ನಲ್ಲಿಗೆ ಬಂದ ಒಬ್ಬ ಅಜ್ಜಿ. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು, ಕಾಲು ಊದಿಕೊಂಡಿತ್ತು. ರಕ್ತದೊತ್ತಡ 180/110. ಆರು ತಿಂಗಳ ಹಿಂದೆಯೇ ನಾನು ಉಪ್ಪು ಕಡಿಮೆ ಮಾಡಲು ಹೇಳಿದ್ದೆ. ಕೇಳಿದರೆ, "ಉಪ್ಪ ಬುಟ್ಟು ಆರು ತಿಂಗ್ಳಾಯ್ತು ಸ್ವಾಮಿ, ಸಾರ್ಗೂ ಹಾಕಕಿಲ್ಲ" ಎಂದರು. ಹಾಗಾದರೆ ಊಟ ಹೇಗೆ ಸೇರುತ್ತದೆ ಎಂದು ಕೇಳಿದೆ. ಎರಡು ಹೊತ್ತೂ ಎರಡೆರಡು ಹೋಳು ಉಪ್ಪಿನಕಾಯಿ, ಜೊತೆಗೆ ಅದರ ರಸ! ಜೊತೆಯಲ್ಲಿದ್ದ ಸೊಸೆ ಇನ್ನೊಂದು ವಿಷಯ ಹೇಳಿದರು. ಅತ್ತೆಗೆ ಒಳ್ಳೆಯದಾಗಲೆಂದು ಆ ವರ್ಷ ಜಾಡಿಗೇ ಅರ್ಧ ಉಪ್ಪು ಹಾಕಿದ್ದರಂತೆ. ಎರಡು ತಿಂಗಳಿಗೆ ಬೂಷ್ಟು ಹಿಡಿಯಿತು. ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸುತ್ತಿದ್ದರು.

ತಪ್ಪು ಅವರಿಬ್ಬರದ್ದಲ್ಲ. 'ಉಪ್ಪು ಕಡಿಮೆ ಮಾಡಿ' ಎಂದು ಮೂರೇ ಮಾತು ಹೇಳಿ ಕಳುಹಿಸಿದ ನನ್ನದು. ಎಲ್ಲಿ ಕಡಿಮೆ ಮಾಡಬೇಕು, ಎಲ್ಲಿ ಮಾಡಬಾರದು ಎಂದು ಬಿಡಿಸಿ ಹೇಳಬೇಕಿತ್ತು. ಅದನ್ನು ಈಗ ನಿಮಗೆ ಹೇಳುತ್ತೇನೆ.

ಜಾಡಿಯೊಳಗೆ ಉಪ್ಪಿನ ಕೆಲಸ

ಉಪ್ಪು ಕಾಯಿಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಕೆಡಿಸುವ ಸೂಕ್ಷ್ಮಾಣುಜೀವಿಗಳಿಗೆ ಬೆಳೆಯಲು ಬೇಕಾದ ನೀರು ಅವುಗಳಿಗೆ ಸಿಗದಂತಾಗುತ್ತದೆ. ಇದರೊಂದಿಗೆ ಹುಳಿಯೂ ಸೇರಿದರೆ ರಕ್ಷಣೆ ಇಮ್ಮಡಿ. ಮಾವು, ನಿಂಬೆ, ನೆಲ್ಲಿಗಳಿಗೆ ಹುಟ್ಟಿನಿಂದಲೇ ಹುಳಿಯಿದೆ. ಆದ್ದರಿಂದಲೇ ಅವು ವರ್ಷಗಟ್ಟಲೆ ಉಳಿಯುತ್ತವೆ. ಮೇಲೆ ನಿಲ್ಲುವ ಎಣ್ಣೆ ಗಾಳಿಯನ್ನು ತಡೆಯುತ್ತದೆ. ಗಾಳಿಯಿಲ್ಲದೆ ಬೂಷ್ಟು ಬೆಳೆಯಲಾರದು. ಹೋಳು ಎಣ್ಣೆಯಿಂದ ಮೇಲೆದ್ದಿದ್ದರೆ ಮೊದಲು ಬೂಷ್ಟು ಹಿಡಿಯುವುದು ಅದಕ್ಕೇ.

ಒಂದು ಕಿಲೋ ನಿಂಬೆಕಾಯಿಗೆ 200 ಗ್ರಾಂ ಉಪ್ಪು ಎಂದು ಲೆಕ್ಕವಿಟ್ಟುಕೊಳ್ಳಿ. ವರ್ಷವಿಡೀ ಇಡುವ ಉಪ್ಪಿನಕಾಯಿಯಲ್ಲಿ ಈ ಅಳತೆಯನ್ನು ತಗ್ಗಿಸಬೇಡಿ. ಕಾಯಿಯನ್ನು ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಿದ ನಂತರವೇ ಹೆಚ್ಚಿ. ಪಿಂಗಾಣಿ ಅಥವಾ ಗಾಜಿನ ಜಾಡಿಯೇ ಸರಿ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಹುಳಿ ಮತ್ತು ಉಪ್ಪು ಲೋಹವನ್ನು ಕರಗಿಸಿ ಆಹಾರಕ್ಕೆ ಸೇರಿಸುತ್ತವೆ. ಒಳಗಿನ ಮೆರುಗು ಸೀಳು ಬಿಟ್ಟ ಹಳೆಯ ಜಾಡಿಯೂ ಬೇಡ.

ಮಾಕಳಿ ಬೇರಿನಲ್ಲಿ ಸ್ವಂತ ಹುಳಿ ಹೆಚ್ಚಿಲ್ಲ. ನಡುವಿನ ನಾರು ತೆಗೆದು ಹೆಚ್ಚಿದ ಹೋಳು ಮುಳುಗುವಷ್ಟು ನಿಂಬೆರಸ ಬೇಕೇ ಬೇಕು. ಬೇರನ್ನು ಕಿತ್ತರೆ ಬಳ್ಳಿಯೇ ಸಾಯುವುದರಿಂದ ಕಾಡಿನಲ್ಲಿ ಮಾಕಳಿ ಕಡಿಮೆಯಾಗುತ್ತಿದೆ ಎಂಬುದನ್ನೂ ಕೊಳ್ಳುವಾಗ ನೆನಪಿಡಿ.

ಸೌತೆಕಾಯಿಗೆ ಬೇರೆ ನಿಯಮ

ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರು. ಹುಳಿಯೂ ಇಲ್ಲ. ಮಾವಿನಕಾಯಿಯಂತೆ ಹಾಕಿಟ್ಟರೆ ಕೊಳೆಯುತ್ತದೆ. ಇದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ಸುಲಭ. ಎಳೆ ಸೌತೆಯನ್ನು ಹೆಚ್ಚಿ, ಉಪ್ಪು ಬೆರೆಸಿ ಒಂದೆರಡು ಗಂಟೆ ಬಿಟ್ಟು, ಬಿಟ್ಟ ನೀರನ್ನು ಬಸಿಯಿರಿ. ನಿಂಬೆರಸ, ಖಾರದಪುಡಿ, ಸಾಸಿವೆ ಪುಡಿ ಕಲಸಿ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ. ಬಸಿದ ನೀರಿನೊಂದಿಗೆ ಒಂದಿಷ್ಟು ಉಪ್ಪೂ ಹೋಗುವುದರಿಂದ ಬಿ.ಪಿ. ಇರುವವರ ಮನೆಗೆ ಇದೇ ಒಳ್ಳೆಯದು.

ಎರಡನೆಯದು ಹುಳಿ ಬರಿಸುವ ವಿಧಾನ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 80 ಗ್ರಾಂ ಉಪ್ಪು, ಎರಡು ದೊಡ್ಡ ಚಮಚ ವಿನಿಗರ್ ಹಾಕಿ. ಬೆರಳುದ್ದದ ಎಳೆ ಸೌತೆಯ ಹೂವಿನ ತುದಿಯನ್ನು ಸ್ವಲ್ಪ ಕತ್ತರಿಸಿ ತೆಗೆಯಿರಿ. ಕಾಯಿಯನ್ನು ಮೆತ್ತಗಾಗಿಸುವ ಅಂಶ ಇರುವುದು ಅಲ್ಲಿಯೇ. ಕಾಯಿಗಳು ನೀರಿನಲ್ಲಿ ಪೂರ್ತಿ ಮುಳುಗುವಂತೆ ಮೇಲೊಂದು ಭಾರವಿಟ್ಟು, ಮನೆಯ ತಂಪಾದ ಮೂಲೆಯಲ್ಲಿಡಿ. ಒಂದೆರಡು ದಿನದಲ್ಲಿ ಗುಳ್ಳೆ ಏಳುತ್ತದೆ. ಮೊಸರನ್ನು ಹುಳಿಯಾಗಿಸುವಂಥ ಜೀವಾಣುಗಳೇ ಇಲ್ಲಿಯೂ ಕೆಲಸ ಮಾಡಿ ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಚೆನ್ನಾಗಿ ಹುಳಿ ಬಂದ ಮೇಲೆ ಫ್ರಿಜ್ಜಿಗೆ ಸೇರಿಸಿ. ಲೋಳೆಯಾಗಿದ್ದರೆ, ಕೆಟ್ಟ ವಾಸನೆ ಬಂದರೆ ರುಚಿ ನೋಡಲೂ ಹೋಗಬೇಡಿ, ಚೆಲ್ಲಿಬಿಡಿ.

ಬೂಷ್ಟು ಬಂದರೆ?

ಸೊಸೆಯಂದಿರು, ಅತ್ತೆಯಂದಿರು ಎಲ್ಲರೂ ಮಾಡುವ ತಪ್ಪು ಇದು. ಹಸಿರು, ಕಪ್ಪು ಬೂಷ್ಟನ್ನು ಚಮಚದಲ್ಲಿ ತೆಗೆದು, ಜಾಡಿಯನ್ನು ಬಿಸಿಲಿಗಿಟ್ಟು ಮತ್ತೆ ಬಳಸುತ್ತಾರೆ. ಕಣ್ಣಿಗೆ ಕಾಣುವ ಬೂಷ್ಟಿನ ಎಳೆಗಳು ಕೆಳಗೂ ಇಳಿದಿರುತ್ತವೆ. ಕೆಲವು ಜಾತಿಯ ಬೂಷ್ಟು ಯಕೃತ್ತಿಗೆ ಹಾನಿ ಮಾಡುವ ವಿಷವನ್ನು ಉತ್ಪಾದಿಸುತ್ತದೆ. ಬಿಸಿಲು ಆ ವಿಷವನ್ನು ತೆಗೆಯುವುದಿಲ್ಲ. ಒಂದು ಜಾಡಿ ಹೋದರೆ ಹೋಗಲಿ.

ಕಣ್ಣಿಗೆ ಕಾಣದ ಇನ್ನೊಂದು ಅಪಾಯವಿದೆ. ಬೆಳ್ಳುಳ್ಳಿಯನ್ನು ಹುಳಿಯಿಲ್ಲದೆ ಬರೀ ಎಣ್ಣೆಯಲ್ಲಿ ಮುಳುಗಿಸಿಟ್ಟರೆ, ಮಣ್ಣಿನಿಂದ ಬಂದ ಬಾಟುಲಿಸಂ ರೋಗಾಣು ಗಾಳಿಯಿಲ್ಲದ ಅಲ್ಲಿ ಬೆಳೆಯಬಲ್ಲದು. ಈ ಕಾಯಿಲೆ ಅಪರೂಪ, ಆದರೆ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸುವಷ್ಟು ಭೀಕರ. ಬಣ್ಣ, ವಾಸನೆಯಿಂದ ಗೊತ್ತಾಗಲೇಬೇಕೆಂದಿಲ್ಲ. ಬೆಳ್ಳುಳ್ಳಿ ಉಪ್ಪಿನಕಾಯಿಗೆ ಧಾರಾಳವಾಗಿ ನಿಂಬೆರಸ ಹಾಕಿ, ಫ್ರಿಜ್ಜಿನಲ್ಲಿಡಿ.

ಎಲೆಯಲ್ಲಿ ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ ಬೇಕಾದ ಉಪ್ಪು 5 ಗ್ರಾಂಗಿಂತ ಕಡಿಮೆ, ಅಂದರೆ ತಲೆ ಒರೆಸಿದ ಒಂದು ಟೀ ಚಮಚದೊಳಗೆ. ಮಸಾಲೆಯೊಂದಿಗೆ 15 ಗ್ರಾಂ ತೂಗುವ ಒಂದು ದೊಡ್ಡ ಹೋಳಿನಲ್ಲಿಯೇ ಸುಮಾರು 2 ಗ್ರಾಂ ಉಪ್ಪಿರುತ್ತದೆ. ಹೊತ್ತಿಗೆ ಎರಡರಂತೆ ನಾಲ್ಕು ಹೋಳು ತಿಂದರೆ 8 ಗ್ರಾಂ! ಸಾರಿನಲ್ಲಿ ಬಿಟ್ಟ ಉಪ್ಪು ಉಪ್ಪಿನಕಾಯಿಯ ದಾರಿಯಲ್ಲಿ ಇನ್ನೂ ಹೆಚ್ಚಾಗಿಯೇ ಹೊಟ್ಟೆ ಸೇರಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ವೈದ್ಯಶಾಸ್ತ್ರಕ್ಕೂ ಒಪ್ಪುತ್ತದೆ. ದೇಹ ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ, ಸೋತ ಹೃದಯಕ್ಕೆ ಹೊರೆಯಾಗುತ್ತದೆ. ಅಜ್ಜಿಯ ಕಾಲಿನ ಊತ, ರಾತ್ರಿಯ ಏದುಸಿರು ಎರಡಕ್ಕೂ ಇದು ಕಾರಣವಾಗಿತ್ತು.

ಆರೋಗ್ಯವಂತರು ದಿನಕ್ಕೊಂದು ಸಣ್ಣ ಹೋಳು ನಂಜಿಕೊಳ್ಳಬಹುದು. ರಕ್ತದೊತ್ತಡ ಇರುವವರು ವಾರಕ್ಕೆ ಒಂದೆರಡು ಸಲ, ಉಗುರಿನಷ್ಟು ತುಂಡು, ರಸ ಬಿಟ್ಟು. ಹೃದಯ ಸೋತವರು, ಮೂತ್ರಪಿಂಡದ ಕಾಯಿಲೆಯವರು ದೂರವಿರುವುದೇ ಕ್ಷೇಮ. ಸೈಂಧವ ಲವಣ ಹಾಕಿದರೆ ತೊಂದರೆಯಿಲ್ಲ ಎಂಬ ನಂಬಿಕೆ ಸರಿಯಲ್ಲ. ಅದೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಇನ್ನು ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಕೆಟ್ಟವರಿಗೆ ಅದು ಪ್ರಾಣಾಪಾಯ ತರಬಲ್ಲದು. ನಿಮ್ಮ ವೈದ್ಯರನ್ನು ಕೇಳದೆ ಬಳಸಬೇಡಿ.

ಬಾಯಿ ಸಪ್ಪೆ ಎನ್ನುವ ಹಿರಿಯರಿಗೆ ಬೇರೆ ರುಚಿ ಕೊಡಿ. ಸಾರಿಗೆ ನಿಂಬೆಹಣ್ಣು ಹಿಂಡಿ. ಜೀರಿಗೆ, ಮೆಣಸು, ಕೊತ್ತಂಬರಿ ಸೊಪ್ಪು ಹೆಚ್ಚು ಬಳಸಿ. ಹಸಿ ನೆಲ್ಲಿಕಾಯಿಯನ್ನು ತುರಿದು ಮಜ್ಜಿಗೆಗೆ ಹಾಕಿದರೆ ಹುಳಿಯೂ ಸಿಗುತ್ತದೆ, ಸಿ ಜೀವಸತ್ವವೂ ಸಿಗುತ್ತದೆ.

ಅಜ್ಜಿಗೆ ಮಾತ್ರೆಗಳ ಜೊತೆಗೆ ಇದನ್ನೆಲ್ಲ ಹೇಳಿ ಕಳುಹಿಸಿದೆ. ತಿಂಗಳ ನಂತರ ಬಂದಾಗ ಕಾಲಿನ ಊತ ಇಳಿದಿತ್ತು, ಒತ್ತಡ 150/90ಕ್ಕೆ ಬಂದಿತ್ತು. ಜಾಡಿ ಏನಾಯಿತು ಎಂದು ಕೇಳಿದೆ. ಸೊಸೆ ನಕ್ಕು, "ಅಟ್ಟದ ಮ್ಯಾಲೆ ಮಡಗಿವ್ನಿ ಸ್ವಾಮಿ. ಏಣಿ ನನ್ನತ್ರ ಅದೆ" ಎಂದರು. ನಿಮ್ಮ ಮನೆಯಲ್ಲೂ ಬಿ.ಪಿ. ಮಾತ್ರೆ ನುಂಗುವ ಹಿರಿಯರಿದ್ದರೆ ಇವತ್ತು ಊಟಕ್ಕೆ ಕೂತಾಗ ಅವರ ಎಲೆಯ ತುದಿಯನ್ನು ಒಮ್ಮೆ ನೋಡಿ.